ಅಮೆರಿಕದವರು ನಿಧಾನ ಆಗಿಲ್ಲ, ಅವರ ಕೆಲಸ ಬದಲಾಗಿದೆ

2025ರ ಅಕ್ಟೋಬರ್‌ನಲ್ಲಿ ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನಲ್ಲಿ ಮೋಟೋಕ್ರಾಸ್ ಆಫ್ ನೇಷನ್ಸ್, ಅಂದರೆ ದೇಶ ದೇಶಗಳ ತಂಡಗಳ ಡರ್ಟ್ ಬೈಕ್ ರೇಸು, ನಡೆಯಿತು. ಗೆದ್ದಿದ್ದು ಅಮೆರಿಕವೂ ಅಲ್ಲ, ಯುರೋಪಿನ ಯಾವ ದೇಶವೂ ಅಲ್ಲ. ಆಸ್ಟ್ರೇಲಿಯಾ. ಅದೂ ಸತತ ಎರಡನೇ ಸಲ, ಅದೇ ಮೂವರು: ಜೆಟ್ ಲಾರೆನ್ಸ್, ಅವನಣ್ಣ ಹಂಟರ್, ಜೊತೆಗೆ ಕೈಲ್ ವೆಬ್‌ಸ್ಟರ್. ಅಮೆರಿಕ ತನ್ನ ಅಂಗಳದಲ್ಲೇ ಎರಡನೇದು, ಫ್ರಾನ್ಸ್ ಮೂರನೇದು. ಇಷ್ಟಾದ ಮೇಲಾದರೂ "ಅಮೆರಿಕದವರು ಫಾಸ್ಟಾ, ಯುರೋಪಿನವರು ಫಾಸ್ಟಾ" ಅನ್ನೋ ಜಗಳ ನಿಲ್ಲುತ್ತೆ ಅಂದುಕೊಂಡೆ. ಎಲ್ಲಿ! ಇನ್ನೂ ಜೋರಾಯಿತು. ನಮ್ಮ ಡರ್ಟ್ ಬೈಕ್ ಗುಂಪಿನಲ್ಲಿ ಒಬ್ಬ ಹಾಲೆಂಡಿನ ಹರ್ಲಿಂಗ್ಸ್ ವಿಡಿಯೋ ಹಾಕಿದರೆ ಇನ್ನೊಬ್ಬ ಅಮೆರಿಕದ ಟೋಮ್ಯಾಕ್ ವಿಡಿಯೋ ಹಾಕುತ್ತಾನೆ, ರಾತ್ರಿ ಒಂದು ಗಂಟೆಯವರೆಗೂ ಅದೇ.

ಅಲ್ಲಿ ಟೈಪ್ ಮಾಡಿ ಮಾಡಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಂದೇ ಸಲ ಉದ್ದಕ್ಕೆ ಬರೀತಿದ್ದೀನಿ.

ಮೊದಲು, ಇದನ್ನು ಅಳೆಯೋಕೆ ನಮ್ಮ ಹತ್ತಿರ ಇರೋ ಅಳತೆಗೋಲೇ ಸರಿಯಿಲ್ಲ. ಎಂಎಕ್ಸ್‌ಜಿಪಿ (ಹೆಚ್ಚಾಗಿ ಯುರೋಪಿನಲ್ಲಿ ನಡೆಯೋ ವಿಶ್ವ ಚಾಂಪಿಯನ್‌ಷಿಪ್) ರೈಡರ್ ಲೊಮ್ಮೆಲ್‌ನಲ್ಲೋ ಮಾಟರ್ಲಿ ಬೇಸಿನ್‌ನಲ್ಲೋ ಓಡಿಸ್ತಾನೆ. ಅಮೆರಿಕದವನು ರೆಡ್‌ಬಡ್‌ನಲ್ಲೋ ಅನಡಿಲ್ಲಾದಲ್ಲೋ ಓಡಿಸ್ತಾನೆ. ಟ್ರ್ಯಾಕ್ ಬೇರೆ, ಮಣ್ಣು ಬೇರೆ, ಹಾಗಾಗಿ ಲ್ಯಾಪ್ ಟೈಮ್ ಪಕ್ಕಪಕ್ಕ ಇಟ್ಟು ನೋಡೋಕಾಗಲ್ಲ. ಇಬ್ಬರೂ ಒಂದೇ ಗೇಟ್ ಹಿಂದೆ ನಿಲ್ಲೋದು ವರ್ಷಕ್ಕೊಮ್ಮೆ, ನೇಷನ್ಸ್‌ನಲ್ಲಿ. ಅದರ ಲೆಕ್ಕವೂ ವಿಚಿತ್ರ. ದೇಶಕ್ಕೆ ಮೂರು ಜನ, ಒಟ್ಟು ಮೂರು ರೇಸು, ಒಬ್ಬೊಬ್ಬ ಎರಡೆರಡು ರೇಸ್ ಓಡಿಸಬೇಕು. ಬಂದ ಸ್ಥಾನವೇ ಪಾಯಿಂಟ್. ಆರರಲ್ಲಿ ಅತಿ ಕೆಟ್ಟದ್ದು ಒಂದನ್ನು ಬಿಟ್ಟು ಉಳಿದಿದ್ದನ್ನು ಕೂಡಿದಾಗ ಯಾರದ್ದು ಕಡಿಮೆಯೋ ಅವರು ಗೆದ್ದರು. ಅಂದರೆ ನಿಮ್ಮ ತಂಡದಲ್ಲಿ ಲೋಕದ ಅತಿ ವೇಗದ ರೈಡರ್ ಇದ್ದೂ, ಮೂರನೆಯವನು ಎರಡು ಸಲ ಬಿದ್ದರೆ ಕಥೆ ಮುಗಿಯಿತು.

ಆದರೂ ಈ ನೇಷನ್ಸ್ ಇತಿಹಾಸದಲ್ಲೇ ಉತ್ತರ ಇದೆ, ನೋಡೋ ಕಣ್ಣಿದ್ದರೆ.

1947ರಲ್ಲಿ ಶುರುವಾದಾಗಿಂದ 1980ರವರೆಗೆ ಇದು ಯುರೋಪಿನವರ ಮನೆ ಹಬ್ಬ. ಅಮೆರಿಕಕ್ಕೆ ಮೋಟೋಕ್ರಾಸ್ ಹೋಗಿದ್ದೇ 60ರ ದಶಕದಲ್ಲಿ. ಎಡಿಸನ್ ಡೈ ಅನ್ನೋ ಹಸ್ಕ್ವರ್ನಾ ಆಮದುದಾರ 1966ರಲ್ಲಿ ಸ್ವೀಡನ್ನಿನ ಟಾರ್ಸ್ಟನ್ ಹಾಲ್‌ಮನ್‌ನನ್ನು ಕರೆಸಿ ಓಡಿಸಿದ. ಅಲ್ಲಿನ ಹುಡುಗರು ಬಾಯಿಬಿಟ್ಟುಕೊಂಡು ನೋಡಿದರು. ಹದಿನೈದು ವರ್ಷ ಆಗಿಲ್ಲ, 1981ರಲ್ಲಿ ಡಾನಿ ಹ್ಯಾನ್ಸನ್, ಡ್ಯಾನಿ ಲಾಪೋರ್ಟ್, ಜಾನಿ ಒಮಾರಾ, ಚಕ್ ಸನ್ ಅನ್ನೋ ನಾಲ್ಕು ಹೋಂಡಾ ಹುಡುಗರು ಯುರೋಪಿಗೆ ಹೋದರು. ಇವರು ಗೆಲ್ಲುತ್ತಾರೆ ಅಂತ ಅವರ ದೇಶದವರೇ ನಂಬಿರಲಿಲ್ಲ. ಬೆಲ್ಜಿಯಂನ ಲೊಮ್ಮೆಲ್ ಮರಳಿನಲ್ಲಿ 250 ಸಿಸಿ ತಂಡದ ಪಂದ್ಯ ಗೆದ್ದರು, ಜರ್ಮನಿಯ ಬೀಲ್‌ಸ್ಟೈನ್‌ನಲ್ಲಿ 500ರದ್ದೂ ಗೆದ್ದರು. ತಂಡ ನಡೆಸಿದ್ದು ಯಾರು? ಬೆಲ್ಜಿಯಂನವರೇ ಆದ ರೋಜರ್ ಡಿಕೋಸ್ಟರ್, ಐದು ಸಲ 500 ಸಿಸಿ ವಿಶ್ವ ಚಾಂಪಿಯನ್. ಅಲ್ಲಿಂದ 1993ರವರೆಗೆ ಹದಿಮೂರು ವರ್ಷ ಬೇರೆ ಯಾರಿಗೂ ಕಪ್ ಸಿಗಲಿಲ್ಲ.

ಆ ಹದಿಮೂರರಲ್ಲಿ ನನಗೆ ಎಷ್ಟು ನೋಡಿದರೂ ಸಾಕಾಗದ್ದು 1986ರ ಮಜ್ಜೋರಾ, ಇಟಲಿ. ಆಗ 125, 250, 500 ಮೂರು ಕ್ಲಾಸು. 125 ಮತ್ತು 500 ಒಟ್ಟಿಗೆ ಓಡೋ ರೇಸು. ಅಮೆರಿಕದ ಡೇವಿಡ್ ಬೇಲಿ 500ರಲ್ಲಿ ಮುಂದೆ. ಹಿಂದೆ ಬ್ರಿಟನ್ನಿನ ಡೇವಿಡ್ ಥಾರ್ಪ್, ಆಗಿನ 500 ವಿಶ್ವ ಚಾಂಪಿಯನ್. ಆತನ ಬೆನ್ನಿಗೆ ಒಮಾರಾ, 125 ಹೋಂಡಾದಲ್ಲಿ. ಏರಿನಲ್ಲಿ 500 ಸಿಸಿ ಬೈಕು ಗುಡುಗುತ್ತಾ ದೂರ ಹೋಗುತ್ತೆ. ಇವನು ಇಳಿಜಾರಿನಲ್ಲಿ, ತಿರುವಿನಲ್ಲಿ ಕ್ಲಚ್ ಕಿತ್ತು ಬರೋ ಹಾಗೆ ಓಡಿಸಿ ಮತ್ತೆ ಹತ್ತಿರ ಬರ್ತಾನೆ. ಸದ್ದು ಕೇಳಬೇಕು ನೀವು, ಎಂಜಿನ್ ಒಂದು ಕ್ಷಣವೂ ಇಳಿಯಲ್ಲ. ಕೊನೆಗೆ ದಾಟಿಯೇಬಿಟ್ಟ, ಬೇಲಿ ಮೊದಲು, ಒಮಾರಾ ಎರಡನೇದು. ನಾಲ್ಕು ಪಟ್ಟು ದೊಡ್ಡ ಎಂಜಿನ್ನಿನ ಮೇಲೆ ಕೂತ ವಿಶ್ವ ಚಾಂಪಿಯನ್ ಮೂರನೇದು. "ಬೈಕ್ ಚೆನ್ನಾಗಿತ್ತು ಗೆದ್ದ" ಅನ್ನೋರಿಗೆ ನಾನು ಈ ವಿಡಿಯೋ ಕಳಿಸಿ ಸುಮ್ಮನಾಗಿಬಿಡ್ತೀನಿ.

ಈಗ 2012ಕ್ಕೆ ಬನ್ನಿ. ಮತ್ತೆ ಲೊಮ್ಮೆಲ್, ಅದೇ ಮರಳು. 2005ರಿಂದ 2011ರವರೆಗೆ ಏಳು ವರ್ಷ ಸತತ ಗೆದ್ದು ಬಂದ ಅಮೆರಿಕ. ತಂಡದಲ್ಲಿ ಆ ವರ್ಷದ 450 ಚಾಂಪಿಯನ್ ರಯಾನ್ ಡಂಜಿ, 250 ಚಾಂಪಿಯನ್ ಬ್ಲೇಕ್ ಬ್ಯಾಗೆಟ್, ಜೊತೆಗೆ ಜಸ್ಟಿನ್ ಬಾರ್ಸಿಯಾ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ತಂಡ ಬೇಕಾ? ಗೆದ್ದಿದ್ದು ಜರ್ಮನಿ, ಎರಡನೇದು ಬೆಲ್ಜಿಯಂ, ಮೂರನೇದು ಅಮೆರಿಕ. ಆಮೇಲೆ ಕಪ್ ಅಮೆರಿಕಕ್ಕೆ ವಾಪಸ್ ಬರೋಕೆ ಹತ್ತು ವರ್ಷ ಬೇಕಾಯಿತು, 2022ರ ರೆಡ್‌ಬಡ್‌ವರೆಗೆ. ನಡುವೆ 2018ರಲ್ಲಿ ಅದೇ ರೆಡ್‌ಬಡ್‌ನಲ್ಲಿ, ಮಳೆ ಕೆಸರಿನಲ್ಲಿ, ಸ್ವಂತ ಜನರ ಮುಂದೆ ಆರನೇ ಸ್ಥಾನ. ಅವತ್ತು ತನ್ನ ಎರಡೂ ರೇಸ್ ಗೆದ್ದಿದ್ದು ಹಾಲೆಂಡಿನ ಗ್ಲೆನ್ ಕೋಲ್ಡನ್‌ಹಾಫ್. ಅಮೆರಿಕದಲ್ಲಿ ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗಿನ ರೇಸು) ಮಾತ್ರ ನೋಡೋರಿಗೆ ಆ ಹೆಸರು ಅವತ್ತೇ ಗೊತ್ತಾಗಿದ್ದು.

1981ರಲ್ಲಿ ಲೊಮ್ಮೆಲ್ ಮರಳಲ್ಲಿ ಗೆದ್ದವರು 2012ರಲ್ಲಿ ಅಲ್ಲೇ ಯಾಕೆ ಸೋತರು? ರಕ್ತ ತಣ್ಣಗಾಯಿತಾ? ಹುಡುಗರು ಸೋಮಾರಿಗಳಾದರಾ? ಅಲ್ಲ. ಅವರ ಕೆಲಸ ಬದಲಾಯಿತು.

ಅಮೆರಿಕದ ರೈಡರ್‌ನ ವರ್ಷ ಹೇಗಿರುತ್ತೆ ನೋಡಿ. ಜನವರಿಯಿಂದ ಮೇ ತನಕ ಸ್ಟೇಡಿಯಂ ಒಳಗೆ ಸೂಪರ್‌ಕ್ರಾಸ್, ಹದಿನೇಳು ಸುತ್ತು. ಅಮೆರಿಕನ್ ಫುಟ್‌ಬಾಲ್ ಮೈದಾನದೊಳಗೆ ಲಾರಿಗಟ್ಟಲೆ ಮಣ್ಣು ತಂದು ಸುರಿದು, ಮೂರು ಮೂರು ಜಂಪ್ ಜೋಡಿಸಿ, ವೂಪ್ಸ್ (ಒತ್ತೊತ್ತಾದ ದಿಬ್ಬಗಳ ಸಾಲು) ಕಟ್ಟಿ ಮಾಡಿದ ಟ್ರ್ಯಾಕು. 450ರ ಫೈನಲ್ ಇಪ್ಪತ್ತು ನಿಮಿಷ ಮತ್ತೊಂದು ಲ್ಯಾಪ್. ದುಡ್ಡು ಅಲ್ಲಿದೆ, ಟಿವಿ ಅಲ್ಲಿದೆ, ಸ್ಪಾನ್ಸರ್ ಕಣ್ಣು ಅಲ್ಲಿದೆ, ಕಾಂಟ್ರ್ಯಾಕ್ಟ್ ಬರೆಯೋದೂ ಅದರ ಮೇಲೇ. ಅದಕ್ಕೇ ಹಿಂದಿನ ನವೆಂಬರ್‌ನಿಂದಲೇ ಸೂಪರ್‌ಕ್ರಾಸ್ ಅಭ್ಯಾಸ. ಅದು ಮುಗಿದು ಎರಡು ಮೂರು ವಾರದೊಳಗೆ ಹೊರಾಂಗಣ ಶುರು, ಆಗಸ್ಟ್‌ವರೆಗೆ ಹನ್ನೊಂದು ಸುತ್ತು. 2023ರಿಂದ ಸೆಪ್ಟೆಂಬರ್‌ನಲ್ಲಿ ಎಸ್‌ಎಂಎಕ್ಸ್ (ಸೂಪರ್‌ಮೋಟೋಕ್ರಾಸ್) ಪ್ಲೇಆಫ್ ಅಂತ ಇನ್ನೂ ಮೂರು. ಇಷ್ಟೆಲ್ಲ ಆಗಿ ಮೈ ಹಣ್ಣಾದ ಮೇಲೆ ಅಕ್ಟೋಬರ್‌ನಲ್ಲಿ ವಿಮಾನ ಹತ್ತಿ ಯುರೋಪಿಗೆ ಹೋಗಿ ದೇಶಕ್ಕಾಗಿ ಓಡಿಸು ಅಂದರೆ, "ನಾನು ಬರಲ್ಲ" ಅನ್ನೋನನ್ನು ಬೈಯೋಕೆ ನನಗಂತೂ ಮನಸ್ಸು ಬರಲ್ಲ. 2023ರಲ್ಲಿ ಫ್ರಾನ್ಸಿನ ಎರ್ನೆಗೆ ಮೊದಲ ಸಾಲಿನವರು ಹೋಗಲಿಲ್ಲ, ಹೋದ ತಂಡ ಎಂಟನೇದು ಬಂತು.

ಎಂಎಕ್ಸ್‌ಜಿಪಿಯವನು ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡೋದು ಒಂದೇ ಕೆಲಸ, ಹೊರಾಂಗಣ ಮೋಟೋಕ್ರಾಸ್. ಸುಮಾರು ಇಪ್ಪತ್ತು ವಾರಾಂತ್ಯ. ಶನಿವಾರ ಕ್ವಾಲಿಫೈಯಿಂಗ್ ರೇಸು (2023ರಿಂದ ಅದಕ್ಕೂ ಪಾಯಿಂಟ್ ಇದೆ), ಭಾನುವಾರ ಅರ್ಧ ಗಂಟೆ ಮತ್ತು ಎರಡು ಲ್ಯಾಪಿನ ಎರಡು ರೇಸು. ಅಂದರೆ ವಾರಾಂತ್ಯಕ್ಕೆ ಮೂರು ಗೇಟ್ ಡ್ರಾಪ್. ಬುಧವಾರ ಅಭ್ಯಾಸಕ್ಕೆ ಲೊಮ್ಮೆಲ್ ಮರಳು. ಎಷ್ಟೋ ತಂಡಗಳ ರೈಡರ್‌ಗಳು ಆ ಊರಿನ ಸುತ್ತಮುತ್ತಲೇ ಮನೆ ಮಾಡಿಕೊಂಡಿರ್ತಾರೆ.

ಈ ವ್ಯತ್ಯಾಸ ಕಣ್ಣಿಗೆ ಬೀಳೋದು ಮರಳಿನ ತಿರುವಿನಲ್ಲಿ. ಜೆಫ್ರಿ ಹರ್ಲಿಂಗ್ಸ್ ಲೊಮ್ಮೆಲ್‌ನಲ್ಲಿ ಓಡಿಸೋದನ್ನು ನಿಧಾನ ಮಾಡಿ ನೋಡಿ. ತಿರುವಿಗೆ ಬರುವಾಗ ಆತ ಎಕ್ಸಲರೇಟರ್ ಪೂರ್ತಿ ಮುಚ್ಚಲ್ಲ. ಮೈ ಹಿಂದಕ್ಕೆ, ಮುಂದಿನ ಚಕ್ರ ಹಗುರ, ಹೊರಗಿನ ಬರ್ಮ್‌ಗೆ (ತಿರುವಿನ ಅಂಚಿನ ಮಣ್ಣಿನ ದಿಂಡು) ಬೈಕನ್ನು ಒರಗಿಸಿ ಅದೇ ವೇಗದಲ್ಲಿ ಸುತ್ತು ಹಾಕಿ ಹೊರಗೆ ಬರ್ತಾನೆ. ದೂರದಿಂದ ನೋಡಿದರೆ ನಿಧಾನ ಹೋಗ್ತಿದ್ದಾನೆ ಅನ್ನಿಸುತ್ತೆ. ಸೂಪರ್‌ಕ್ರಾಸ್‌ನಲ್ಲಿ ಬೆಳೆದವನ ಕೈ ಬೇರೆ ಪಾಠ ಕಲಿತಿರುತ್ತೆ. ಕೊನೆಯ ಕ್ಷಣದವರೆಗೆ ನುಗ್ಗು, ಬ್ರೇಕ್ ಹಿಡಿ, ಬೈಕನ್ನು ತಟ್ಟನೆ ತಿರುಗಿಸು, ಮತ್ತೆ ಪೂರ್ತಿ ರೇಸ್ ಕೊಡು. ಸ್ಟೇಡಿಯಂನ ಗಿಡ್ಡ ತಿರುವಿಗೆ ಅದೇ ಸರಿ, ಮುಂದೆ ಹತ್ತಿಪ್ಪತ್ತು ಅಡಿಯಲ್ಲೇ ಟ್ರಿಪಲ್ ಹಾರಬೇಕಲ್ಲ. ಆದರೆ ಆಳ ಮರಳಿನಲ್ಲಿ ಹಾಗೆ ನಿಂತು ಹೊರಟರೆ ಪ್ರತಿ ಸಲವೂ ಹಿಂದಿನ ಚಕ್ರ ಹೂತುಕೊಳ್ಳುತ್ತೆ, ಎಂಜಿನ್ ಒದ್ದಾಡುತ್ತೆ, ತೋಳು ಸೋಲುತ್ತೆ. ಐದು ಲ್ಯಾಪ್ ನಡೆಯುತ್ತೆ. ಇಪ್ಪತ್ತನೇ ನಿಮಿಷಕ್ಕೆ ಗುಂಡಿಗಳು ಮೊಣಕಾಲೆತ್ತರ ಆದಾಗ ನಡೆಯಲ್ಲ.

ಹಾಗಂತ ಅಮೆರಿಕದ ಹೊರಾಂಗಣ ಸುಲಭ ಅಂತ ಯಾರೂ ತಿಳ್ಕೋಬೇಡಿ. ಅವರು ಟ್ರ್ಯಾಕನ್ನು ಆಳಕ್ಕೆ ಉಳುತ್ತಾರೆ, ಧಾರಾಳ ನೀರು ಬಿಡ್ತಾರೆ. ಮಧ್ಯಾಹ್ನದ ಹೊತ್ತಿಗೆ ತಿರುವಿನಲ್ಲಿ ಫುಟ್‌ಪೆಗ್ ತಾಗೋಷ್ಟು ಆಳದ ರಟ್‌ಗಳು (ಚಕ್ರ ಕೊರೆದ ಜಾಡು) ಬಿದ್ದಿರುತ್ತವೆ. ನೇರ ದಾರಿಗಳು ಉದ್ದ, ಗುಡ್ಡಗಳು ದೊಡ್ಡವು, ಜುಲೈ ಸೆಕೆ ಬೇರೆ. ಯುರೋಪಿನ ಹಳೇ ಟ್ರ್ಯಾಕ್‌ಗಳು ಗಟ್ಟಿ ನೆಲದವು, ಇಕ್ಕಟ್ಟು, ಗುಡ್ಡದ ಪಕ್ಕಕ್ಕೆ ವಾಲಿಕೊಂಡಂಥವು. ಚೆಕ್ ದೇಶದ ಲೊಕೆಟ್ ನೋಡಿದರೆ ಗೊತ್ತಾಗುತ್ತೆ, ಅಲ್ಲಿ ಹಿಡಿತವೇ ಇಲ್ಲ. ಅಮೆರಿಕದ ಸೌತ್‌ವಿಕ್ ಕೂಡ ಮರಳೇ, ಆದರೆ ಕೆಳಗೆ ಗಟ್ಟಿ ನೆಲ ಸಿಗುತ್ತೆ. ಲೊಮ್ಮೆಲ್‌ಗೆ ತಳವೇ ಇಲ್ಲ. ಇನ್ನೊಂದು ಸಣ್ಣ ವಿಷಯ, ಎಂಎಕ್ಸ್‌ಜಿಪಿಯಲ್ಲಿ ಗೇಟ್ ಹಿಂದೆ ಚಕ್ರದ ಕೆಳಗೆ ಕಬ್ಬಿಣದ ಜಾಲರಿ ಇರುತ್ತೆ. ಅಮೆರಿಕದ ಹೊರಾಂಗಣದಲ್ಲಿ ಮಣ್ಣೇ. ಸ್ಟಾರ್ಟ್ ಅಭ್ಯಾಸ ಮಾಡೋ ರೀತಿಯೇ ಬೇರೆ ಆಗುತ್ತೆ.

ಒಬ್ಬರು ಇನ್ನೊಬ್ಬರ ಊರಿಗೆ ಹೋಗಿ ಬಡಿದು ಬಂದ ಉದಾಹರಣೆ ಎರಡೂ ಕಡೆ ಇವೆ. 2016ರಲ್ಲಿ ಎಂಎಕ್ಸ್‌ಜಿಪಿ ಸರ್ಕಸ್ಸೇ ಅಮೆರಿಕಕ್ಕೆ ಬಂದಾಗ ಷಾರ್ಲೆಟ್ ಮತ್ತು ಗ್ಲೆನ್ ಹೆಲೆನ್ ಎರಡನ್ನೂ ಟೋಮ್ಯಾಕ್ ಗೆದ್ದ. ಅಮೆರಿಕದ ಭಕ್ತರು ವರ್ಷವಿಡೀ ಅದನ್ನೇ ಹಾಡಿದರು. 2017ರ ಆಗಸ್ಟ್‌ನಲ್ಲಿ ಹರ್ಲಿಂಗ್ಸ್ ಅಮೆರಿಕದ ಹೊರಾಂಗಣದ ಐರನ್‌ಮನ್ ನ್ಯಾಷನಲ್‌ಗೆ ಬಂದು ಮೊದಲ ಪ್ರಯತ್ನದಲ್ಲೇ ಓವರಾಲ್ (ಎರಡೂ ರೇಸ್ ಸೇರಿಸಿ) ಗೆದ್ದು ಹೋದ. ಆಗ ಯುರೋಪ್ ಭಕ್ತರ ಸರದಿ. ಎರಡಕ್ಕೂ ಅಡಿಟಿಪ್ಪಣಿ ಇದೆ ಸ್ವಾಮಿ: 2016ರಲ್ಲಿ ಎಂಎಕ್ಸ್‌ಜಿಪಿಯ ಟಿಮ್ ಗೈಸರ್ ಷಾರ್ಲೆಟ್‌ನಲ್ಲಿ ಪ್ರಶಸ್ತಿ ಭದ್ರ ಮಾಡಿಕೊಳ್ಳೋ ಚಿಂತೆಯಲ್ಲಿದ್ದ, 2017ರಲ್ಲಿ ಟೋಮ್ಯಾಕ್ ಐರನ್‌ಮನ್‌ನಲ್ಲಿ ಅದೇ ಚಿಂತೆಯಲ್ಲಿದ್ದ. ಒಂದು ದಿನದ ಗೆಲುವನ್ನು ಖಂಡದ ಗೆಲುವು ಮಾಡೋಕೆ ಹೋಗಬೇಡಿ.

ಇಡೀ ವರ್ಷ ಹೋಗಿ ನಿಂತವರ ಕಥೆ ಬೇರೆ, ನನಗೆ ಬೇಕಾದ್ದು ಅದೇ. ಯುರೋಪಿನಿಂದ ಅಮೆರಿಕಕ್ಕೆ ಹೋದವರ ಸಾಲು ಉದ್ದ ಇದೆ. ಫ್ರಾನ್ಸಿನ ಝಾನ್-ಮಿಷೆಲ್ ಬೇಲ್ 1988ರಲ್ಲಿ 125, 1989ರಲ್ಲಿ 250 ವಿಶ್ವ ಚಾಂಪಿಯನ್ ಆಗಿ ಹೋಗಿ, 1991ರಲ್ಲಿ ಸೂಪರ್‌ಕ್ರಾಸ್, 250, 500 ಮೂರೂ ಪ್ರಶಸ್ತಿ ಒಂದೇ ವರ್ಷ ಬಾಚಿದ. ಕೆನ್ ರಾಕ್ಸನ್ 2014 ಮತ್ತು 2016ರಲ್ಲಿ, ಡಿಲನ್ ಫೆರಾಂಡಿಸ್ 2021ರಲ್ಲಿ 450 ಹೊರಾಂಗಣ ಚಾಂಪಿಯನ್. ಇವರೆಲ್ಲ ಸೂಪರ್‌ಕ್ರಾಸ್ ಕಲಿಯೋಕೆ ಬಿದ್ದು, ಮೂಳೆ ಮುರಿದುಕೊಂಡು, ವರ್ಷಗಟ್ಟಲೆ ಅಲ್ಲೇ ಉಳಿದವರು. ಎಂಎಕ್ಸ್2ನಲ್ಲಿ (ವಿಶ್ವ ಚಾಂಪಿಯನ್‌ಷಿಪ್‌ನ 250 ಕ್ಲಾಸು) 23 ವಯಸ್ಸು ದಾಟಿದರೆ ಜಾಗ ಇಲ್ಲ ಅನ್ನೋ ನಿಯಮವೂ ಯುರೋಪಿನ ಹುಡುಗರನ್ನು ಬೇಗ ಬೇರೆ ದಾರಿ ನೋಡೋ ಹಾಗೆ ಮಾಡುತ್ತೆ.

ಅಮೆರಿಕದಿಂದ ಯುರೋಪಿಗೆ? 1982ರಲ್ಲಿ ಬ್ರ್ಯಾಡ್ ಲಾಕಿ 500, ಲಾಪೋರ್ಟ್ 250 ವಿಶ್ವ ಚಾಂಪಿಯನ್. ಆಮೇಲೆ ಟ್ರ್ಯಾಂಪಸ್ ಪಾರ್ಕರ್, ಡಾನಿ ಶ್ಮಿಟ್, 1994ರಲ್ಲಿ 125ರಲ್ಲಿ ಬಾಬ್ ಮೂರ್. ಅಷ್ಟೇ. ಮೂವತ್ತು ವರ್ಷ ದಾಟಿತು, ಇನ್ನೊಬ್ಬ ಅಮೆರಿಕನ್ ವಿಶ್ವ ಚಾಂಪಿಯನ್ ಇಲ್ಲ. ಯಾಕೆ ಅಂದರೆ ಹೋಗಿದ್ದೇ ಕಡಿಮೆ ಜನ. ನಾಲ್ಕು ಸಲ ಸತತ ಸೂಪರ್‌ಕ್ರಾಸ್ ಗೆದ್ದ ರಯಾನ್ ವಿಲ್ಲೊಪೊಟೊ 2015ರಲ್ಲಿ ಹೋದ. ಕತಾರ್‌ನಲ್ಲಿ ತಡವರಿಸಿದ, ಥಾಯ್ಲೆಂಡಿನಲ್ಲಿ ಗೆದ್ದ, ಇಟಲಿಯ ಟ್ರೆಂಟಿನೋದಲ್ಲಿ ಬಿದ್ದು ಬೆನ್ನಿನ ಕೆಳಗೆ ಏಟು ಮಾಡಿಕೊಂಡು ಮನೆಗೆ ಬಂದ, ಆಮೇಲೆ ನಿವೃತ್ತಿ. ನಾಲ್ಕೇ ಸುತ್ತು. ಅಷ್ಟರಿಂದ ಯಾವ ತೀರ್ಪು ಕೊಡ್ತೀರಿ? ಆದರೆ ಎರಡೂ ಕಡೆಯವರು ಕೊಟ್ಟರು.

ಇನ್ನು ಬೈಕ್ ವಿಚಾರ. ಇಲ್ಲಿ ಜಗಳ ಆಡೋರಲ್ಲಿ ಅರ್ಧ ಜನಕ್ಕೆ ನಿಯಮವೇ ಗೊತ್ತಿಲ್ಲ.

1986ರಲ್ಲಿ ಅಮೆರಿಕದ ಮೋಟಾರ್‌ಸೈಕಲ್ ಸಂಘ ಎಎಂಎ ಒಂದು ಗೆರೆ ಎಳೆಯಿತು: ಫ್ಯಾಕ್ಟರಿಯವರು ಒಂದೊಂದೇ ಕೈಯಲ್ಲಿ ಕಟ್ಟಿದ ವರ್ಕ್ಸ್ ಬೈಕ್ ತರೋ ಹಾಗಿಲ್ಲ, ಫ್ರೇಮು, ಎಂಜಿನ್ ಕೇಸು ಮುಂತಾದ ಮೂಲ ಭಾಗಗಳು ಶೋರೂಮಿನಲ್ಲಿ ಮಾರೋ ಮಾಡೆಲ್‌ನದ್ದೇ ಇರಬೇಕು. ಅದಕ್ಕೆ ಮೊದಲು ಜಪಾನಿನ ಕಂಪನಿಗಳು ಪ್ರಯೋಗಶಾಲೆಯನ್ನೇ ಟ್ರ್ಯಾಕಿಗೆ ತರ್ತಿದ್ದವು. ಯುರೋಪಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಕಟ್ಟು ಇಲ್ಲ, ಪ್ರೊಟೊಟೈಪ್ ಓಡಿಸಬಹುದು. ಬೀಟಾ ಕಂಪನಿ ಮಾರುಕಟ್ಟೆಗೆ ಬರೋ ಮೊದಲೇ ತನ್ನ 450 ಅನ್ನು ಎಂಎಕ್ಸ್‌ಜಿಪಿಯಲ್ಲಿ ಇಳಿಸಿತು. ಡುಕಾಟಿ ಡೆಸ್ಮೊಡ್ರೋಮಿಕ್ ವಾಲ್ವ್ (ಸ್ಪ್ರಿಂಗ್ ಇಲ್ಲದೆ ಮುಚ್ಚೋ ವಾಲ್ವ್) ಇರೋ 450 ಅನ್ನು 2024ರಲ್ಲೇ ಓಡಿಸಿ ನೋಡಿತು, ಒಂಬತ್ತು ಸಲದ ವಿಶ್ವ ಚಾಂಪಿಯನ್ ಆಂಟೋನಿಯೋ ಕೈರೋಲಿ ನಿವೃತ್ತಿಯಿಂದ ಎದ್ದು ಬಂದು ಅದರ ಮೇಲೆ ಕೂತ. ಹೋಂಡಾದ ಗ್ರ್ಯಾನ್‌ಪ್ರಿ ಬೈಕಿನ ಹೆಸರಿನ ಕೊನೆಯಲ್ಲಿ ಬರೋ ಡಬ್ಲ್ಯೂ ಅಕ್ಷರ ಅದು ಅಂಗಡಿ ಬೈಕಲ್ಲ ಅಂತ ಹೇಳೋಕೇ ಇರೋದು.

ಹಾಗಾದರೆ ಯುರೋಪಿನ ಬೈಕೇ ಫಾಸ್ಟು ಅಲ್ವಾ? ಅಷ್ಟು ಸಲೀಸಲ್ಲ. ಅಮೆರಿಕದ ನಿಯಮದೊಳಗೂ ಕಿಟಕಿಗಳಿವೆ. ಫೋರ್ಕು, ಶಾಕು, ಎಂಜಿನ್ನಿನ ಒಳಗಿನ ಕೆಲಸ, ಎಕ್ಸಾಸ್ಟು ಎಲ್ಲ ಬದಲಾಯಿಸಬಹುದು. 2011ಕ್ಕೆ ಕೆಟಿಎಂ ಸೇರಿದ್ದ ಡಿಕೋಸ್ಟರ್ 2012ಕ್ಕೆ ಡಂಜಿಯನ್ನೂ ಕರ್ಕೊಂಡು ಹೋದಾಗ ಆಗಿದ್ದ ಮಾರಾಟದ 450 ಅವರಿಗೆ ಸಾಲಲಿಲ್ಲ. ಏನು ಮಾಡಿದರು? ಹೊಸ ಎಂಜಿನ್ನಿನ ಬೈಕನ್ನೇ "ಫ್ಯಾಕ್ಟರಿ ಎಡಿಷನ್" ಅಂತ ನೂರಾರು ಸಂಖ್ಯೆಯಲ್ಲಿ ಮಾಡಿ ಅಂಗಡಿಗೆ ಕಳಿಸಿಬಿಟ್ಟರು. ನಿಯಮಕ್ಕೆ ನಿಯಮವೂ ಆಯಿತು, ಗಿರಾಕಿಗೆ ರೇಸ್ ಬೈಕೂ ಸಿಕ್ಕಿತು, ಡಂಜಿ ಆ ವರ್ಷದ ಹೊರಾಂಗಣ ಪ್ರಶಸ್ತಿಯನ್ನೂ ಹೊಡೆದ. ಇವತ್ತಿಗೂ ಕೆಟಿಎಂ ಫ್ಯಾಕ್ಟರಿ ಎಡಿಷನ್ ಬರ್ತಾನೇ ಇದೆ. (ಅಂದಹಾಗೆ ಆ ಕೆಟಿಎಂ ದಿವಾಳಿಯ ಅಂಚಿಗೆ ಹೋಗಿ ಈಗ ನಮ್ಮ ಪುಣೆಯ ಬಜಾಜ್ ಹಿಡಿತಕ್ಕೆ ಬಂದಿದೆ. ಆಸ್ಟ್ರಿಯಾದ ಮ್ಯಾಟಿಗೋಫನ್‌ನಲ್ಲಿರೋ ಕೆಟಿಎಂ ರೇಸ್ ವಿಭಾಗದ ಬಜೆಟ್ ಪುಣೆಯಲ್ಲಿ ಕೂತವರು ನೋಡೋ ಕಾಲ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು!)

ಮಾರುಕಟ್ಟೆಯಲ್ಲಿ ಸಿಗೋ ಎಲ್ಲ ಫೋರ್‌ಸ್ಟ್ರೋಕ್ ಡರ್ಟ್ ಬೈಕ್‌ಗಳ ಅಜ್ಜ ಯಮಹಾ ವೈಝಡ್‌ಎಂ 400 ಎಫ್ ಕೂಡ 1997ರಲ್ಲಿ ವಿನಾಯಿತಿ ಪಡೆದೇ ಅಮೆರಿಕದಲ್ಲಿ ಓಡಿದ್ದು. ಡೌಗ್ ಹೆನ್ರಿ ಅದರಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್ ಗೆದ್ದ. ಮುಂದಿನ ವರ್ಷ ಅದು ಅಂಗಡಿಗೆ ಬಂತು.

ನನ್ನ ಪ್ರಕಾರ ವರ್ಕ್ಸ್ ಭಾಗಗಳಿಗಿಂತ ಟ್ರ್ಯಾಕೇ ಬೈಕನ್ನು ರೂಪಿಸುತ್ತೆ. ಕೈರೋಲಿಯ 350 ಕೆಟಿಎಂ ಇದಕ್ಕೆ ಒಳ್ಳೇ ಸಾಕ್ಷಿ. 2010ರಲ್ಲಿ 450ಗಳ ನಡುವೆ 350 ಸಿಸಿ ಬೈಕ್ ಇಟ್ಟುಕೊಂಡು ಆತ ವಿಶ್ವ ಚಾಂಪಿಯನ್ ಆದ. ಹಗುರ, ತಿರುವಿನಲ್ಲಿ ವೇಗ ಕಳೆದುಕೊಳ್ಳಲ್ಲ, ರೈಡರ್‌ಗೆ ದಣಿವು ಕಡಿಮೆ. ಅದೇ ಬೈಕು ಅಮೆರಿಕದಲ್ಲಿ ಬೇರು ಬಿಡಲಿಲ್ಲ. ಉತ್ತ ಮಣ್ಣಿನ ಏರುಗಳಲ್ಲಿ, ಸ್ಟೇಡಿಯಂನ ಗಿಡ್ಡ ತಿರುವಿನಿಂದ ಎದ್ದು ಹಾರೋ ಕಡೆ 450ರ ಎಳೆತವೇ ಬೇಕು. ಸಸ್ಪೆನ್ಷನ್ನೂ ಹಾಗೇ. ಸೂಪರ್‌ಕ್ರಾಸ್ ಸೆಟಪ್‌ನ ಫೋರ್ಕನ್ನು ಕೈಯಿಂದ ಒತ್ತಿದರೆ ಅಲುಗಾಡಲ್ಲ, ಅಷ್ಟು ಗಟ್ಟಿ. ಮೇಲಿಂದ ಬಂದು ಬಡಿಯೋ ಹೊಡೆತ ತಡೆಯಬೇಕಲ್ಲ. ಆರು ತಿಂಗಳು ಅದರ ಮೇಲೆ ಕೂತವನಿಗೆ ಮೇ ಕೊನೆಯಲ್ಲಿ ಮೆತ್ತಗಿನ ಬೈಕ್ ಕೊಟ್ಟರೆ ಬೈಕ್ ತೂಗಾಡಿದ ಹಾಗೆ ಅನ್ನಿಸುತ್ತೆ. ಅದಕ್ಕೇ ಅಮೆರಿಕದ ಹೊರಾಂಗಣ ಸೆಟಪ್ ಯುರೋಪಿನವರದ್ದಕ್ಕಿಂತ ಗಟ್ಟಿಯ ಕಡೆಗೇ ವಾಲುತ್ತೆ ಅಂತ ನನ್ನ ಗುಮಾನಿ.

ಅಷ್ಟಾದರೂ "ಬೈಕ್ ಏನೂ ಅಲ್ಲ, ರೈಡರೇ ಎಲ್ಲ" ಅನ್ನೋದನ್ನೂ 2025 ಸುಳ್ಳು ಮಾಡಿತು. ಸ್ಪೇನಿನ ಹೋರ್ಹೆ ಪ್ರಾಡೊ 2023, 2024 ಎರಡು ವರ್ಷ ಸತತ ಎಂಎಕ್ಸ್‌ಜಿಪಿ ಚಾಂಪಿಯನ್. ಅಮೆರಿಕಕ್ಕೆ ಹೋಗಿ ಕವಾಸಾಕಿ ಹತ್ತಿದ. ಸೂಪರ್‌ಕ್ರಾಸ್‌ನಲ್ಲಿ ಭುಜ ಕೆಟ್ಟಿತು, ತನ್ನದೇ ಆಟವಾದ ಹೊರಾಂಗಣದಲ್ಲೂ ಗೆಲುವು ಬರಲಿಲ್ಲ, 2026ಕ್ಕೆ ಕೆಟಿಎಂಗೆ ಮರಳಿದ. ಅದೇ 2025ರಲ್ಲಿ ಯುರೋಪಿನಲ್ಲಿ ಎಂಎಕ್ಸ್‌ಜಿಪಿ ಪ್ರಶಸ್ತಿ ಗೆದ್ದಿದ್ದು ಫ್ರಾನ್ಸಿನ ರೊಮೇನ್ ಫೇವ್ರ್. ಯಾವ ಬೈಕಿನಲ್ಲಿ? ಕವಾಸಾಕಿ! ಹಸಿರು ಬಣ್ಣ ಒಂದೇ. ನಿಯಮ, ತಂಡ, ಸಸ್ಪೆನ್ಷನ್, ಅದಕ್ಕೆ ಒಗ್ಗಿಕೊಂಡ ವರ್ಷಗಳು ಎಲ್ಲ ಬೇರೆ. ವೇಗ ಇರೋದು ರೈಡರ್ ಮತ್ತು ಬೈಕಿನ ಹೊಂದಾಣಿಕೆಯಲ್ಲಿ, ಆ ಹೊಂದಾಣಿಕೆಗೆ ಕಾಲ ಬೇಕು.

ಇಲ್ಲಿ ಕೂತು ಎರಡನ್ನೂ ನೋಡೋ ನಮಗೆ ಒಂದು ಲಾಭ ಇದೆ. ಭಾನುವಾರ ಬೆಳಗಿನ ಜಾವ ಸೂಪರ್‌ಕ್ರಾಸ್, ಬೇಸಿಗೆಯಲ್ಲಿ ಶನಿವಾರ ರಾತ್ರಿ ಹತ್ತೂವರೆಗೆ ಅಮೆರಿಕದ ಹೊರಾಂಗಣ, ಮರುದಿನ ಸಂಜೆ ಕಾಫಿ ಹೊತ್ತಿಗೆ ಎಂಎಕ್ಸ್‌ಜಿಪಿ. ಒಂದೇ ವಾರಾಂತ್ಯದಲ್ಲಿ ಎರಡೂ ನೋಡಿದಾಗ ಕಾಣೋದು ಇದು: ಅಮೆರಿಕದವರ ಮೊದಲ ಎರಡು ಲ್ಯಾಪ್‌ನ ಕಾವು ಯುರೋಪಿನಲ್ಲಿ ಇಲ್ಲ, ಯುರೋಪಿನ ಹತ್ತನೇ ಸ್ಥಾನದವನ ಕೊನೆಯ ಐದು ನಿಮಿಷದ ಹಿಡಿತ ಅಮೆರಿಕದ ಹತ್ತನೇ ಸ್ಥಾನದವನಿಗೆ ಇಲ್ಲ. ತುದಿಯ ಮೂರ್ನಾಲ್ಕು ಜನರಲ್ಲಿ ವ್ಯತ್ಯಾಸ ಹುಡುಕೋದು ವ್ಯರ್ಥ. ಆಳದಲ್ಲಿ ವ್ಯತ್ಯಾಸ ಇದೆ, ಹೊರಾಂಗಣದ ಮಟ್ಟಿಗೆ ಅದು ಯುರೋಪಿನ ಕಡೆಗಿದೆ. ನಮ್ಮ ಬೆಂಗಳೂರಿಗೂ 2024ರ ಫೆಬ್ರವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ಲೀಗಿನ ಫೈನಲ್ ಬಂತಲ್ಲ, ಅದೂ ಸೂಪರ್‌ಕ್ರಾಸೇ. ಟಿಕೆಟ್ ಮಾರೋರಿಗೆ ಬೇಲಿಯೊಳಗಿನ ಆಟ ಬೇಕು, ಅಮೆರಿಕದವರು 1972ರಲ್ಲಿ ಲಾಸ್ ಏಂಜಲೀಸ್ ಕೊಲಿಸಿಯಂನಲ್ಲಿ ಕಂಡುಕೊಂಡ ಸತ್ಯ ಅದು.

ಆಸ್ಟ್ರೇಲಿಯಾದ ಅಣ್ಣತಮ್ಮಂದಿರ ವಿಷಯಕ್ಕೆ ಬರ್ತೀನಿ. ಲಾರೆನ್ಸ್ ಕುಟುಂಬ ಆಸ್ಟ್ರೇಲಿಯಾ ಬಿಟ್ಟು ಮೊದಲು ಹೋಗಿದ್ದು ಯುರೋಪಿಗೆ. ಹಂಟರ್ ಎಂಎಕ್ಸ್2 ಓಡಿಸಿದ, ಜೆಟ್ ಅಲ್ಲಿನ ಕಿರಿಯರ ರೇಸ್‌ಗಳಲ್ಲಿ ಮರಳು, ಗಟ್ಟಿ ನೆಲ ಎಲ್ಲ ಕಲಿತ. ಆಮೇಲೆ ಅಮೆರಿಕ, ಸೂಪರ್‌ಕ್ರಾಸು, ಹೋಂಡಾ. 2023ರ 450 ಹೊರಾಂಗಣದಲ್ಲಿ ಜೆಟ್ 22ಕ್ಕೆ 22 ರೇಸ್ ಗೆದ್ದ. ಅವನು ರಟ್ ಒಳಗೆ ಹೋಗೋದು ನೋಡಿ, ಕಾಲು ಪೆಗ್ ಮೇಲೇ ಇರುತ್ತೆ, ಎಷ್ಟೋ ಹೊತ್ತು ನಿಂತೇ ಇರ್ತಾನೆ, ಅದು ಯುರೋಪು. ಅದೇ ಹುಡುಗ ಜಂಪ್ ಮೇಲೆ ಬೈಕನ್ನು ಅಡ್ಡ ಮಲಗಿಸಿ ಸ್ಕ್ರಬ್ ಮಾಡ್ತಾನೆ, ಅದು ಅಮೆರಿಕ. ಅಮೆರಿಕದ ಯಾವ ದೊಡ್ಡ ತಂಡವೂ ತನ್ನ ಹದಿನೇಳು ಹದಿನೆಂಟರ ಹುಡುಗನನ್ನು ಎರಡು ವರ್ಷ ಎಂಎಕ್ಸ್2ಗೆ ಕಳಿಸಿ ಈ ಪಾಠ ಕಲಿಸಲ್ಲ. ಅಮೆರಿಕದ ಝಾಕ್ ಆಸ್ಬೋರ್ನ್ ಹೋಗಿದ್ದ, ಅದೂ ಊರಲ್ಲಿ ಕೆಲಸ ಸಿಗದೆ. ವಾಪಸ್ ಬಂದು 250ರಲ್ಲೂ, 2020ರಲ್ಲಿ 450ರಲ್ಲೂ ಚಾಂಪಿಯನ್ ಆದ. ಆ ದಾರಿ ಹಿಡಿದವರು ಕಡಿಮೆ.

2026ರ ನೇಷನ್ಸ್ ಮತ್ತೆ ಎರ್ನೆಯಲ್ಲಿ, ಫ್ರಾನ್ಸಿನ ಜನಸಾಗರದ ನಡುವೆ. ಅಮೆರಿಕದಲ್ಲಿ ಎರಡು ಸಲ 250 ಸೂಪರ್‌ಕ್ರಾಸ್ ಪ್ರಶಸ್ತಿ ಗೆದ್ದ ಟಾಮ್ ವಿಯಾಲ್ ಹೋಂಡಾ ಹಿಡಿದು ಎಂಎಕ್ಸ್‌ಜಿಪಿಗೆ ಮರಳಿದ್ದಾನೆ. ಬೆಲ್ಜಿಯಂನ ಲೂಕಾಸ್ ಕೋನೆನ್ ಮೊದಲ ಎಂಎಕ್ಸ್‌ಜಿಪಿ ವರ್ಷದಲ್ಲೇ, ಹದಿನೆಂಟರ ವಯಸ್ಸಿಗೇ, 2025ರಲ್ಲಿ ಎರಡನೇ ಸ್ಥಾನ ಪಡೆದಿದ್ದಾನೆ. ಬಾಜಿ ಕಟ್ಟಿ ಅಂದರೆ ನಾನು ಫ್ರಾನ್ಸ್ ಮೇಲೆ ಕಟ್ಟಲ್ಲ, ಅಮೆರಿಕದ ಮೇಲೂ ಕಟ್ಟಲ್ಲ. ಲಾರೆನ್ಸ್ ಅಣ್ಣತಮ್ಮ ಇಬ್ಬರೂ ಗಾಯ ಇಲ್ಲದೆ ಗೇಟ್ ಹಿಂದೆ ನಿಂತರೆ ನನ್ನ ದುಡ್ಡು ಮತ್ತೆ ಆಸ್ಟ್ರೇಲಿಯಾ ಮೇಲೇ. ಕಾಮೆಂಟ್‌ನಲ್ಲಿ ಬೈಯೋರು ಬೈಯಿರಿ, ಆದರೆ ಮೊದಲು ಮಜ್ಜೋರಾ ವಿಡಿಯೋ ನೋಡಿಕೊಂಡು ಬನ್ನಿ.